ಗುಂಡು ತೂರದ ‘ಅಣು ಸರಪಳಿ’ ಬಟ್ಟೆ ನಿಜವೇ? ಬಳೆಯೊಳಗೆ ಬಳೆ ಕೋದ ಅಣುಗಳ ಅಸಲಿ ಕಥೆ

ಸಾಲೋಟಗಿಯ ಓದುಗರೊಬ್ಬರು ತಮ್ಮ ಊರಿನ ಗ್ರೂಪಿಗೆ ಬಂದ ಫಾರ್ವರ್ಡ್ ಒಂದನ್ನು ನಮಗೆ ಕಳಿಸಿ, ‘ಇದು ಖರೇ ಏನ್ರಿ? ಸ್ವಲ್ಪ ನೋಡಿ ಹೇಳ್ರಿ’ ಎಂದು ಕೇಳಿದ್ದಾರೆ. ಫಾರ್ವರ್ಡ್‌ನ ಸಾರಾಂಶ ಇಷ್ಟು: ವಿಜ್ಞಾನಿಗಳು ಅಣುಗಳನ್ನು ಸರಪಳಿಯಂತೆ ಕೋದು ಬಟ್ಟೆ ಮಾಡಿದ್ದಾರೆ, ಅದು ಕಾಗದಕ್ಕಿಂತ ತೆಳು, ಬಂದೂಕಿನ ಗುಂಡೂ ಅದನ್ನು ತೂರುವುದಿಲ್ಲ, ಮೊಬೈಲಿಗೆ ಅಂಟಿಸಿದರೆ ಗಾಜು ಎಂದೂ ಒಡೆಯುವುದಿಲ್ಲ. ಮೇಲೆ ಹಳೇ ಕಾಲದ ಸೈನಿಕನ ಕಬ್ಬಿಣದ ಬಳೆಯಂಗಿಯ ಚಿತ್ರ. ಕೆಳಗೆ ‘ನ್ಯಾನೋ ಸರಪಳಿ’ ಸ್ಕ್ರೀನ್ ಗಾರ್ಡ್ ಕೊಳ್ಳಲು ಒಂದು ಲಿಂಕ್.

ಲಿಂಕ್ ವಿಷಯ ಮೊದಲು ಮುಗಿಸಿಬಿಡೋಣ. ಅದನ್ನು ಒತ್ತಬೇಡಿ. ಅಂಥ ಸ್ಕ್ರೀನ್ ಗಾರ್ಡ್ ಮಾರುಕಟ್ಟೆಯಲ್ಲಿಲ್ಲ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೂರು ಬೇಗ ಹೋದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಆದರೆ ಫಾರ್ವರ್ಡ್‌ನ ಮೊದಲ ಸಾಲು ಪೂರ್ತಿ ಸುಳ್ಳಲ್ಲ. ಒಂದರೊಳಗೊಂದು ಕೋದುಕೊಂಡ ಬಳೆಯಾಕಾರದ ಅಣುಗಳು ನಿಜವಾಗಿಯೂ ಇವೆ. ಅವುಗಳಿಂದ ಮಾಡಿದ ವಸ್ತುಗಳೂ ಇವೆ. ಅಷ್ಟೇ ಅಲ್ಲ, ಅಂಥದೊಂದು ‘ಬಳೆಯಂಗಿ’ ನಮ್ಮ ದನದ ಕೊಟ್ಟಿಗೆಯ ಸುತ್ತಲೇ ಓಡಾಡಿಕೊಂಡಿದೆ. ಅದಕ್ಕೂ ಮೆಡಿಕಲ್ ಶಾಪಿನಲ್ಲಿ ಸಿಗುವ ಒಂದು ಮಾತ್ರೆಗೂ ಸಂಬಂಧವಿದೆ. ಗುಂಡಿನ ಕಥೆಗಿಂತ ಆ ಭಾಗವೇ ನಮಗೆ ಮುಖ್ಯ ಅನ್ನಿಸಿತು.

ಅಂಟಿಲ್ಲ, ಬೆಸುಗೆಯಿಲ್ಲ, ಆದರೂ ಬಿಡುವುದಿಲ್ಲ

ಎತ್ತು ಕಟ್ಟುವ ಕಬ್ಬಿಣದ ಸರಪಳಿಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಕೊಂಡಿಗೂ ಪಕ್ಕದ ಕೊಂಡಿಗೂ ನಡುವೆ ಅಂಟಾಗಲಿ ಬೆಸುಗೆಯಾಗಲಿ ಇಲ್ಲ. ಎರಡೂ ಸಡಿಲವಾಗಿ ತಿರುಗುತ್ತವೆ, ಸರಿದಾಡುತ್ತವೆ. ಆದರೂ ಒಂದು ಕೊಂಡಿಯನ್ನು ಕತ್ತರಿಸದೆ ಅವನ್ನು ಬೇರೆ ಮಾಡಲಾಗದು.

ಸಾಮಾನ್ಯವಾಗಿ ಅಣುವಿನೊಳಗೆ ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಒಂದನ್ನೊಂದು ಹಿಡಿದಿರುತ್ತವೆ. ಇದು ಬೆಸುಗೆ ಇದ್ದಂತೆ. ಆದರೆ ಎರಡು ಬಳೆಯಾಕಾರದ ಅಣುಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದರೆ, ಅವುಗಳ ನಡುವೆ ಇರುವುದು ಬೆಸುಗೆಯಲ್ಲ, ಬರೀ ಆಕಾರದ ಕಟ್ಟು. ಇದನ್ನು ಯಾಂತ್ರಿಕ ಬಂಧ ಎನ್ನುತ್ತಾರೆ. ಇಂಥ ಜೋಡಿ ಅಣುವಿಗೆ ಕ್ಯಾಟಿನೇನ್ ಎಂದು ಹೆಸರು. ಲ್ಯಾಟಿನ್‌ನಲ್ಲಿ ‘ಕಟೇನ’ ಎಂದರೆ ಸರಪಳಿ.

ಮಾಡುವುದು ಹೇಗೆ? ಬಳೆಗಾರರ ಹತ್ತಿರ ಎರಡು ಗಾಜಿನ ಬಳೆ ಕೊಂಡು, ಒಡೆಯದೆ ಒಂದರೊಳಗೊಂದು ಕೋಯಲು ಪ್ರಯತ್ನಿಸಿ. ಆಗುವುದಿಲ್ಲ. ಒಂದು ಬಳೆ ತೆರೆದಿರಬೇಕು, ಇನ್ನೊಂದರೊಳಗೆ ತೂರಬೇಕು, ಆಮೇಲೆ ಅದರ ಬಾಯಿ ಮುಚ್ಚಬೇಕು. ಅಣುಗಳ ಲೋಕದಲ್ಲೂ ಇದೇ ತೊಡಕು. 1960ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಡೆಲ್ ವಾಸರ್‌ಮನ್ ಇದನ್ನು ಅದೃಷ್ಟದ ಮೇಲೆ ಬಿಟ್ಟರು. ಬಳೆಗಳ ನಡುವೆ ತೆರೆದ ಎಳೆಗಳನ್ನು ಬಿಟ್ಟು ಅವುಗಳ ತುದಿಗಳನ್ನು ಮುಚ್ಚಿಸಿದರು. ಆ ಕ್ಷಣದಲ್ಲಿ ಆಕಸ್ಮಿಕವಾಗಿ ಬಳೆಯೊಳಗೆ ತೂರಿದ್ದ ಎಳೆ ಮಾತ್ರ ಕೊಂಡಿಯಾಯಿತು. ಕೈಗೆ ಸಿಕ್ಕಿದ್ದು ಚೂರುಪಾರು.

1983ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಜಾನ್-ಪಿಯೇರ್ ಸೊವಾಜ್ ತಂಡ ಉಪಾಯ ಕಂಡುಕೊಂಡಿತು. ತಾಮ್ರದ ಒಂದು ಅಯಾನು ಎರಡು ಅಣುಗಳನ್ನು ಅಡ್ಡಡ್ಡವಾಗಿ ಹಿಡಿದುಕೊಳ್ಳುತ್ತದೆ. ಆಗ ಬಳೆಯ ಬಾಯಿ ಮುಚ್ಚಿ, ಕೊನೆಗೆ ತಾಮ್ರವನ್ನು ತೆಗೆದರೆ ಆಯಿತು. ಇಳುವರಿ ಒಮ್ಮೆಲೇ ಶೇ. 42ಕ್ಕೆ ಏರಿತು. 1994ರಲ್ಲಿ ಫ್ರೇಸರ್ ಸ್ಟಾಡರ್ಟ್ ತಂಡ ಐದು ಬಳೆಗಳನ್ನು ಒಲಿಂಪಿಕ್ ಲಾಂಛನದಂತೆ ಕೋದಿತು. ಸೊವಾಜ್, ಸ್ಟಾಡರ್ಟ್ ಇಬ್ಬರಿಗೂ ಬೆನ್ ಫೆರಿಂಗಾ ಜೊತೆ 2016ರ ರಸಾಯನಶಾಸ್ತ್ರದ ನೊಬೆಲ್ ಬಂತು. 2017ರಲ್ಲಿ ಷಿಕಾಗೋದ ಸ್ಟುವರ್ಟ್ ರೋವನ್ ತಂಡ ಬಳೆಗೆ ಬಳೆ ಕೋಯುತ್ತ ಹೋಗಿ, ನಿಜವಾದ ಉದ್ದ ಸರಪಳಿಯನ್ನೇ ಮಾಡಿ ತೋರಿಸಿತು.

ಸರಿದಾಡುವ ಕೊಂಡಿಯಿಂದ ಏನು ಲಾಭ?

ಇಲ್ಲಿಂದ ಮುಂದೆ ಭೌತಶಾಸ್ತ್ರ. ಗಾಬರಿ ಬೇಡ, ಒಂದು ರಬ್ಬರ್ ಬ್ಯಾಂಡ್ ಸಾಕು. ಅದನ್ನು ಚಟ್ಟನೆ ಎಳೆದು ತುಟಿಗೆ ತಾಗಿಸಿ, ಬೆಚ್ಚಗಿರುತ್ತದೆ. ರಬ್ಬರಿನೊಳಗೆ ಉದ್ದನೆಯ ಎಳೆ ಅಣುಗಳು ಉಣ್ಣೆಯ ಉಂಡೆಯಂತೆ ಸುತ್ತಿಕೊಂಡು, ಸುತ್ತಲಿನ ಶಾಖದಿಂದ ಸದಾ ಒದ್ದಾಡುತ್ತಿರುತ್ತವೆ. ಎಳೆದಾಗ ಅವು ಸಾಲಾಗಿ ನಿಲ್ಲಬೇಕಾಗುತ್ತದೆ. ಬಿಟ್ಟ ತಕ್ಷಣ ಮತ್ತೆ ಅಡ್ಡಾದಿಡ್ಡಿಯಾಗುತ್ತವೆ. ಅಡ್ಡಾದಿಡ್ಡಿಯಾಗಿರಲು ಸಾವಿರ ದಾರಿಗಳಿವೆ, ಸಾಲಾಗಿ ನಿಲ್ಲಲು ಕೆಲವೇ ದಾರಿಗಳು. ರಬ್ಬರ್ ಹಿಂದಕ್ಕೆ ಎಳೆಯುವ ಬಲ ಬರುವುದು ಮುಖ್ಯವಾಗಿ ಈ ಲೆಕ್ಕಾಚಾರದಿಂದಲೇ.

ಆದರೆ ರಬ್ಬರಿನಲ್ಲಿ ಎಳೆಗಳನ್ನು ಅಲ್ಲಲ್ಲಿ ಗಟ್ಟಿಯಾಗಿ ಗಂಟು ಹಾಕಿರುತ್ತಾರೆ, ಇಲ್ಲದಿದ್ದರೆ ಅದು ಹರಿದುಹೋಗುವ ಅಂಟಾಗುತ್ತದೆ. ಗಂಟುಗಳ ನಡುವಿನ ಎಳೆಗಳು ಒಂದೇ ಉದ್ದ ಇರುವುದಿಲ್ಲ. ಜೋರಾಗಿ ಎಳೆದಾಗ ಚಿಕ್ಕ ಎಳೆ ಮೊದಲು ಬಿಗಿಯಾಗುತ್ತದೆ, ಪೂರ್ತಿ ಭಾರ ಅದರ ಮೇಲೆ ಬೀಳುತ್ತದೆ, ಅದು ಹರಿಯುತ್ತದೆ. ಆಮೇಲೆ ಅದರ ಪಕ್ಕದ್ದು. ಗೇಣುದ್ದದ ಹಗ್ಗ, ಮೊಳದುದ್ದದ ಹಗ್ಗ ಸೇರಿಸಿ ಒಂದೇ ಕಲ್ಲು ಎಳೆದಂತೆ.

ಗಂಟಿನ ಬದಲು ಸರಿದಾಡುವ ಬಳೆ ಹಾಕಿದರೆ? 2001ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಒಕುಮುರಾ ಮತ್ತು ಕೋಝೋ ಇಟೋ ಇದನ್ನೇ ಮಾಡಿದರು. ಉದ್ದನೆಯ ಎಳೆಗೆ ಮಣಿಗಳಂತೆ ಬಳೆಗಳನ್ನು ಪೋಣಿಸಿ, ಬಳೆ ಜಾರಿಹೋಗದಂತೆ ಎಳೆಯ ಎರಡೂ ತುದಿಗೆ ದಪ್ಪ ಅಣುಗಳನ್ನು ಕೂರಿಸಿ, ಒಂದು ಎಳೆಯ ಬಳೆಯನ್ನು ಇನ್ನೊಂದು ಎಳೆಯ ಬಳೆಗೆ ಜೋಡಿಸಿದರು. ಕೊಂಡಿ ಎಂಟರ ಅಂಕಿಯಂತಾಯಿತು. ಎಳೆದಾಗ ಎಳೆ ಬಳೆಯೊಳಗೆ ಸರಿಯುತ್ತದೆ, ಬಾವಿಯ ಗಡಗಡೆಯಲ್ಲಿ ಹಗ್ಗ ಸರಿದ ಹಾಗೆ. ಗಡಗಡೆಯ ಎರಡೂ ಕಡೆ ಹಗ್ಗದ ಬಿಗಿತ ಸಮನಾಗುವಂತೆ ಇಲ್ಲೂ ಭಾರ ತಾನೇ ಹಂಚಿಕೆಯಾಗುತ್ತದೆ. ಯಾವೊಂದು ಎಳೆಗೂ ಅನ್ಯಾಯವಾಗುವುದಿಲ್ಲ.

ಆ ಬಳೆಗಳು ಯಾವುವು ಗೊತ್ತೇ? ಸೈಕ್ಲೋಡೆಕ್ಸ್‌ಟ್ರಿನ್. ಪಿಷ್ಟದಿಂದ ತಯಾರಿಸುವ, ಆರು ಗ್ಲೂಕೋಸ್ ತುಣುಕುಗಳ ಪುಟ್ಟ ಬಳೆ. ನಮ್ಮ ಬಿಳಿಜೋಳದ ರೊಟ್ಟಿಯಲ್ಲಿ ತುಂಬಿರುವುದೂ ಪಿಷ್ಟವೇ, ಅದರ ತುಣುಕೂ ಇದೇ ಗ್ಲೂಕೋಸ್.

ಮೊಬೈಲ್ ಸುದ್ದಿಯ ಬೇರು ಕೂಡ ಇಲ್ಲೇ ಇದೆ. ಈ ಜಾತಿಯ ವಸ್ತು ಸೇರಿಸಿದ ಗೀರು ತಾಳುವ ಬಣ್ಣವನ್ನು ನಿಸ್ಸಾನ್ ಕಂಪನಿ ಕಾರುಗಳಿಗೆ ಬಳಸಿತು. 2012ರಲ್ಲಿ ಅದೇ ಬಣ್ಣ ಬಳಿದ ಐಫೋನ್ ಕವರನ್ನೂ ತೋರಿಸಿತು. ಸಣ್ಣ ಗೀರು ಬಿದ್ದರೆ ಬಣ್ಣದ ಪದರ ನಿಧಾನವಾಗಿ ಹಿಂದಿನ ಆಕಾರಕ್ಕೆ ಮರಳಿ ಗೀರು ಮಾಯವಾಗುತ್ತದೆ. ಗಮನಿಸಿ, ಸಣ್ಣ ಗೀರು ಮಾತ್ರ. ಮೊಬೈಲ್ ಕೈಜಾರಿ ಕಡಪಾ ಕಲ್ಲಿನ ಮೇಲೆ ಬಿದ್ದರೆ ಗಾಜನ್ನು ಉಳಿಸುವ ಶಕ್ತಿ ಅದಕ್ಕಿಲ್ಲ.

ಎಳೆಯೇ ಇಲ್ಲದೆ, ಬರೀ ಬಳೆಗಳೇ ಒಂದನ್ನೊಂದು ಹಿಡಿದು ಮಾಡಿದ ಮುದ್ದೆ ಇದ್ದರೆ ಹೇಗಿರುತ್ತದೆ? ಈ ಪ್ರಶ್ನೆ ಎತ್ತಿದವರು ಫ್ರೆಂಚ್ ಭೌತವಿಜ್ಞಾನಿ, 1991ರ ನೊಬೆಲ್ ಪಡೆದ ಪಿಯೇರ್-ಜಿಲ್ ಡಿ ಜೆನ್. ಅಂಥ ವಸ್ತುವಿಗೆ ‘ಒಲಿಂಪಿಕ್ ಜೆಲ್’ ಎಂಬ ಹೆಸರು ಬಂತು. ಕಾಗದದ ಮೇಲೆ ಸುಲಭ, ಕೈಯಲ್ಲಿ ಮಾಡುವುದು ಬಲು ಕಷ್ಟ. ಇದರ ಗುಣ ಮೆಲ್ಲಗೆ ಎಳೆದಾಗ ಒಂದು, ಜೋರಾಗಿ ಎಳೆದಾಗ ಇನ್ನೊಂದು. ನೆಲದ ಮೇಲೆ ಗುಡ್ಡೆಯಾಗಿ ಬಿದ್ದ ಸರಪಳಿಯನ್ನು ಎಳೆಯಿರಿ: ಮೊದಲು ಕೊಂಡಿಗಳು ತಿರುಗಿ ಸಡಿಲು ಕಳೆದುಕೊಳ್ಳುತ್ತವೆ, ಕೈಗೆ ಭಾರವೇ ತಿಳಿಯುವುದಿಲ್ಲ. ಸಡಿಲು ಮುಗಿದ ಗಳಿಗೆಯಲ್ಲಿ ಅದೇ ಸರಪಳಿ ಕಬ್ಬಿಣದ ಸಲಾಕೆಯಂತೆ ಬಿಗಿಯುತ್ತದೆ. ಮೆತ್ತಗಿದ್ದೂ ಗಟ್ಟಿ ಎನ್ನುವ ಈ ಎರಡು ಮುಖದ ಗುಣಕ್ಕಾಗಿಯೇ ವಿಜ್ಞಾನಿಗಳು ಇದರ ಹಿಂದೆ ಬಿದ್ದಿರುವುದು.

ಹಾಗಾದರೆ ಗುಂಡಿನ ಮಾತು?

2025ರ ಜನವರಿಯಲ್ಲಿ ಎರಡು ಬೇರೆ ಬೇರೆ ಸಂಶೋಧನೆಗಳು ‘ಸೈನ್ಸ್’ ಪತ್ರಿಕೆಯಲ್ಲಿ ಬಂದವು. ಫಾರ್ವರ್ಡ್ ನೋಡಿದರೆ ಎರಡನ್ನೂ ಕಲಸಿ ಒಂದು ಮಾಡಿದಂತಿದೆ.

ಮೊದಲನೆಯದು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿಲಿಯಂ ಡಿಕ್ಟೆಲ್ ತಂಡದ್ದು. ಅವರು ಇಂಗ್ಲಿಷಿನ ಎಕ್ಸ್ ಆಕಾರದ ಅಣುಗಳನ್ನು ಹರಳಿನಲ್ಲಿ ಸಾಲಾಗಿ ಜೋಡಿಸಿ, ಆಮೇಲೆ ಅವುಗಳ ತುದಿಗಳನ್ನು ಬೆಸೆದರು. ತಾನಾಗಿಯೇ ಒಂದರೊಳಗೊಂದು ಸಿಕ್ಕಿಕೊಂಡ ಹಾಳೆಯಾಯಿತು. ಒಂದು ಚದರ ಸೆಂಟಿಮೀಟರಿನಲ್ಲಿ ನೂರು ಟ್ರಿಲಿಯನ್ ಯಾಂತ್ರಿಕ ಬಂಧಗಳು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕೋಟಿಯನ್ನು ಒಂದು ಕೋಟಿಯಿಂದ ಗುಣಿಸಿದಷ್ಟು. ಅರ್ಧ ಕಿಲೋದಷ್ಟು ವಸ್ತುವನ್ನೂ ತಯಾರಿಸಿದ್ದಾರೆ, ಈ ಕ್ಷೇತ್ರದಲ್ಲಿ ಅದೇ ದೊಡ್ಡ ಸಾಧನೆ. ಅಲ್ಟೆಮ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ ಇದನ್ನು ಶೇ. 2.5ರಷ್ಟು ಬೆರೆಸಿ ನೂಲು ತೆಗೆದಾಗ ನೂಲು ಇನ್ನಷ್ಟು ಬಿಗುವಾಯಿತು. ಮುಂದೆ ರಕ್ಷಾಕವಚಕ್ಕೆ ಉಪಯೋಗವಾದೀತು ಎಂದು ಅವರು ಹೇಳಿದ್ದು ನಿಜ. ‘ಆದೀತು’ ಎಂದದ್ದು ಗ್ರೂಪಿನಿಂದ ಗ್ರೂಪಿಗೆ ಬರುತ್ತ ‘ಆಗಿದೆ’ ಎಂದಾಗಿದೆ. ಗುಂಡು ಹಾರಿಸಿ ಪಾಸಾದ ಜಾಕೆಟ್ ಅದಲ್ಲ.

ಎರಡನೆಯದು ಕ್ಯಾಲ್‌ಟೆಕ್‌ನ ಕಿಯಾರಾ ದಾರಾಯೋ ತಂಡದ್ದು. ಇಲ್ಲಿ ಬಳೆಗಳು ಅಣುಗಳಲ್ಲ, ತ್ರೀಡಿ ಪ್ರಿಂಟರಿನಲ್ಲಿ ಮಾಡಿದ, ಕಣ್ಣಿಗೆ ಕಾಣುವ ಕೊಂಡಿಗಳು. ಇವು ಅಡ್ಡಕ್ಕೆ ತಳ್ಳಿದರೆ ನೀರಿನಂತೆ ಸರಿಯುತ್ತವೆ, ಅದುಮಿದರೆ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ಜೋಳದ ಚೀಲ ನೆನಪಿಸಿಕೊಳ್ಳಿ, ಕಾಳು ಸುರಿಯುತ್ತದೆ, ಆದರೆ ತುಂಬಿ ಹೊಲಿದ ಚೀಲದ ಮೇಲೆ ಆಳು ನಿಲ್ಲಬಹುದು.

ಇನ್ನು ಫಾರ್ವರ್ಡ್‌ನ ಚಿತ್ರದಲ್ಲಿದ್ದ ಕಬ್ಬಿಣದ ಬಳೆಯಂಗಿ. ಅದು ಕತ್ತಿಯ ಸೀಳೇಟು ತಡೆಯುತ್ತಿತ್ತು, ಏಕೆಂದರೆ ಏಟಿನ ಬಲ ಹತ್ತಾರು ಕೊಂಡಿಗಳಿಗೆ ಹಂಚಿಹೋಗುತ್ತದೆ. ಗುಂಡಿನ ಬಲ ಒಂದೆರಡು ಕೊಂಡಿಯ ಮೇಲೆ ಬೀಳುತ್ತದೆ. ಆ ಕೊಂಡಿ ಮುರಿದು ಅದರ ಚೂರೂ ಗಾಯದೊಳಗೆ ಸೇರಬಹುದು. ಬಂದೂಕು ಬಂದ ಮೇಲೆ ಬಳೆಯಂಗಿ ಮೂಲೆ ಸೇರಿದ್ದು ಇದಕ್ಕೇ. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಬಾಯಲ್ಲಿ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ಭಾರತದಲ್ಲಿ ಗುಂಡು ನಿರೋಧಕ ಜಾಕೆಟ್ಟಿಗೆ ಬಿಐಎಸ್ ಮಾನದಂಡವಿದೆ, ಸಂಖ್ಯೆ ಐಎಸ್ 17051, ವರ್ಷ 2018. ಯಾರಾದರೂ ಕಾವಲು ಕೆಲಸದವರಿಗೆ ‘ನ್ಯಾನೋ’ ಜಾಕೆಟ್ ಮಾರಲು ಬಂದರೆ ಈ ಸಂಖ್ಯೆಯ ಪ್ರಮಾಣಪತ್ರ ಕೇಳಿ. ಇದು ಜೀವದ ಪ್ರಶ್ನೆ.

ಕೊಟ್ಟಿಗೆಯ ಬಳೆಯಂಗಿ

ಪ್ರಯೋಗಾಲಯದವರು ಅರ್ಧ ಶತಮಾನ ಹೆಣಗಿ ಮಾಡಿದ್ದನ್ನು ಪ್ರಕೃತಿ ಎಂದೋ ಮಾಡಿ ಮುಗಿಸಿದೆ. ಟ್ರಿಪನೊಸೋಮಾ ಎಂಬ ಏಕಕೋಶ ಜೀವಿಗಳ ಗುಂಪೊಂದಿದೆ. ದನ, ಎಮ್ಮೆ, ಕುದುರೆ, ಒಂಟೆಗಳಿಗೆ ಬರುವ ಸರ್ರಾ ರೋಗಕ್ಕೆ ಕಾರಣ ಈ ಗುಂಪಿನ ಟ್ರಿಪನೊಸೋಮಾ ಇವಾನ್ಸಿ. 1880ರಲ್ಲಿ, ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಪಶುವೈದ್ಯ ಗ್ರಿಫಿತ್ ಇವಾನ್ಸ್ ಇದನ್ನು ಕಾಯಿಲೆ ಬಿದ್ದ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡರು.

ಈ ಗುಂಪಿನ ಜೀವಿಗಳ ಕೋಶದೊಳಗೆ ಒಂದು ವಿಚಿತ್ರ ಡಿಎನ್‌ಎ ಇದೆ, ಕೈನೆಟೊಪ್ಲಾಸ್ಟ್ ಡಿಎನ್‌ಎ ಎಂದು ಹೆಸರು. ನಮ್ಮ ವರ್ಣತಂತುಗಳಂತೆ ಉದ್ದನೆಯ ದಾರವಲ್ಲ, ಸಾವಿರಾರು ಡಿಎನ್‌ಎ ಬಳೆಗಳು ಒಂದರೊಳಗೊಂದು ಕೋದುಕೊಂಡ ಹಾಳೆ. ಕೀಟಗಳ ಹೊಟ್ಟೆಯಲ್ಲಿರುವ, ಮನುಷ್ಯರಿಗೆ ರೋಗ ತಾರದ ಕ್ರಿಥಿಡಿಯಾ ಎಂಬ ನೆಂಟನಲ್ಲಿ ಇದನ್ನು ಚೆನ್ನಾಗಿ ಎಣಿಸಿದ್ದಾರೆ: ಸುಮಾರು 5,000 ಚಿಕ್ಕ ಬಳೆಗಳು, ಇಪ್ಪತ್ತೈದರ ಆಸುಪಾಸು ದೊಡ್ಡ ಬಳೆಗಳು. ಒಂದೊಂದು ಚಿಕ್ಕ ಬಳೆ ಸರಾಸರಿ ಮೂರು ಪಕ್ಕದ ಬಳೆಗಳನ್ನು ಹಿಡಿದಿರುತ್ತದೆ. ಥೇಟ್ ಬಳೆಯಂಗಿ.

ಭೌತವಿಜ್ಞಾನಿಗಳಿಗೆ ಇದು ಹಬ್ಬದೂಟ. ಕೋದ ಬಳೆಗಳ ಹಾಳೆ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ತಾವೇ ಮಾಡುತ್ತ ಕೂರಬೇಕಿಲ್ಲ, ಇದನ್ನು ಕೋಶದಿಂದ ಹೊರತೆಗೆದರೆ ಸಾಕು. 2020ರಲ್ಲಿ ಅಮೆರಿಕದ ಎಂಐಟಿಯ ಪ್ಯಾಟ್ರಿಕ್ ಡಾಯ್ಲ್ ತಂಡ ಹೀಗೇ ಮಾಡಿತು. ದ್ರಾವಣದಲ್ಲಿ ತೇಲುವ ಈ ಹಾಳೆ ಚಪ್ಪಟೆಯಾಗಿರಲಿಲ್ಲ, ಬಟ್ಟಲಿನಂತೆ, ಸ್ನಾನದ ಟೋಪಿಯಂತೆ ಬಾಗಿತ್ತು. ಕಿರಿದಾದ ಜಾಗದಲ್ಲಿ ತಳ್ಳಿ ಹಿಗ್ಗಿಸಿ ಬಿಟ್ಟರೂ ಮತ್ತೆ ತನ್ನ ಆಕಾರಕ್ಕೆ ಬಂತು.

ಇದೇ ಹಾಳೆಗೆ ಇನ್ನೊಂದು ಕೆಲಸವೂ ಇದೆ, ಅದು ನಮ್ಮನ್ನು ಬೆಂಗಳೂರಿಗೆ ಕರೆದೊಯ್ಯುತ್ತದೆ.

ಕೊಂಡಿ ಬಿಡಿಸುವ ಕಮ್ಮಾರ, ಅವನ ಕೈ ಕಟ್ಟುವ ಮಾತ್ರೆ

ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಸಾಮಾನ್ಯವಾಗಿ ಒಂದೇ ಒಂದು ದೊಡ್ಡ ಬಳೆ. ನಮ್ಮ ಕರುಳಿನಲ್ಲಿರುವ ಇ. ಕೋಲಿಯ ಬಳೆಯನ್ನು ಬಿಡಿಸಿಟ್ಟರೆ ಸುಮಾರು ಒಂದೂವರೆ ಮಿಲಿಮೀಟರ್. ಬ್ಯಾಕ್ಟೀರಿಯಾ ಒಂದು ಎರಡಾಗಬೇಕಾದರೆ ಈ ಬಳೆಯೂ ಎರಡಾಗಬೇಕು. ಹಾಗೆ ಹುಟ್ಟಿದ ಎರಡು ಬಳೆಗಳು ಒಂದರೊಳಗೊಂದು ಸಿಕ್ಕಿಕೊಂಡೇ ಇರುತ್ತವೆ. ಬಿಡಿಸದಿದ್ದರೆ ಕೋಶ ಒಡೆದು ಎರಡಾಗಲಾರದು. ಅದಕ್ಕೆ ಟೊಪೊಐಸೊಮರೇಸ್ ಎಂಬ ಕಿಣ್ವಗಳಿವೆ. ಇವು ನುರಿತ ಕಮ್ಮಾರನಂತೆ ಒಂದು ಬಳೆಯನ್ನು ಕತ್ತರಿಸಿ, ಇನ್ನೊಂದನ್ನು ಆ ಸಂದಿಯಲ್ಲಿ ದಾಟಿಸಿ, ಕತ್ತರಿಸಿದ್ದನ್ನು ಮತ್ತೆ ಬೆಸೆದುಬಿಡುತ್ತವೆ.

ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಮಾತ್ರೆಗಳು ಕೆಲಸ ಮಾಡುವುದು ಇಲ್ಲೇ. ಕತ್ತರಿಸುವುದಕ್ಕೆ ಅವು ಅಡ್ಡಿ ಮಾಡುವುದಿಲ್ಲ, ಬೆಸೆಯುವುದಕ್ಕೆ ಮಾತ್ರ ಬಿಡುವುದಿಲ್ಲ. ಡಿಎನ್‌ಎ ತುಂಡಾಗಿಯೇ ಉಳಿದು ಬ್ಯಾಕ್ಟೀರಿಯಾ ಸಾಯುತ್ತದೆ.

ಇ. ಕೋಲಿಯಲ್ಲಿ ಈ ಕೆಲಸಕ್ಕೆ ಇಬ್ಬರು ಕಮ್ಮಾರರು. ಗೈರೇಸ್ ಎಂಬುದು ಡಿಎನ್‌ಎಯ ತಿರುಚು ನೋಡಿಕೊಳ್ಳುತ್ತದೆ, ಕೊಂಡಿ ಬಿಡಿಸುವುದು ಮುಖ್ಯವಾಗಿ ಟೊಪೊಐಸೊಮರೇಸ್ 4ರ ಪಾಲು. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಎರಡನೆಯದು ಇಲ್ಲವೇ ಇಲ್ಲ. ಹಾಗಾದರೆ ಕೊಂಡಿ ಬಿಡಿಸುವವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಕ್ಷಯಾಣುವಿನ ಕುಟುಂಬದ ಗೈರೇಸ್ ಮೇಲೆ ಬಹಳ ವರ್ಷ ಕೆಲಸ ಮಾಡಿದೆ. ಈ ಗೈರೇಸ್ ತಿರುಚಿನ ಕೆಲಸದ ಜೊತೆಗೆ ಕೊಂಡಿ ಬಿಡಿಸುವುದರಲ್ಲೂ ಪಳಗಿದ ಕೈ ಎಂದು 2002ರಲ್ಲಿ ಅವರು ತೋರಿಸಿದರು. ಇಂಥ ಕಿಣ್ವಗಳ ಕೈಚಳಕ ಅಳೆಯಲು ಪ್ರಪಂಚದ ಪ್ರಯೋಗಾಲಯಗಳು ಸಾಮಾನ್ಯವಾಗಿ ಬಳಸುವ ಸಾಮಗ್ರಿ ಯಾವುದು ಅಂದಿರಿ? ಅದೇ ಕೈನೆಟೊಪ್ಲಾಸ್ಟ್ ಡಿಎನ್‌ಎ ಹಾಳೆ. ಕಿಣ್ವ ಹಾಕಿದರೆ ಬಳೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಎಷ್ಟು ಕಳಚಿದವು ಎಂದು ನೋಡಿದರಾಯಿತು.

ಒಬ್ಬನೇ ಕಮ್ಮಾರ ಇರುವುದರಿಂದ ಕ್ಷಯಾಣುವಿನ ವಿರುದ್ಧ ಈ ಮಾತ್ರೆಗಳಿಗೆ ಸಿಗುವ ಗುರಿಯೂ ಒಂದೇ. ಗೈರೇಸ್ ಸ್ವಲ್ಪ ಬದಲಾದರೆ ಮಾತ್ರೆ ಹಿಡಿಯುವುದಿಲ್ಲ. ಮಾಮೂಲಿ ಔಷಧಿಗಳಿಗೆ ಬಗ್ಗದ ಕ್ಷಯಕ್ಕೆ ಲಿವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಮುಖ್ಯ ಆಧಾರ. ಆದ್ದರಿಂದ ನೆಗಡಿಗೆ, ವೈರಲ್ ಜ್ವರಕ್ಕೆ, ಪಕ್ಕದ ಮನೆಯವರ ಚೀಟಿ ತೋರಿಸಿ ಇವನ್ನು ನುಂಗುವುದು ಬರೀ ದುಡ್ಡು ದಂಡವಲ್ಲ. ವೈರಸ್‌ಗೆ ಈ ಬಳೆಯೂ ಇಲ್ಲ, ಈ ಕಮ್ಮಾರನೂ ಇಲ್ಲ, ಮಾತ್ರೆ ಅಲ್ಲಿ ಮಾಡುವುದೇನೂ ಇಲ್ಲ. ಮೈಯಲ್ಲಿ ಗುಟ್ಟಾಗಿ ಕ್ಷಯ ಇದ್ದರೆ ಮಾತ್ರ ಅದನ್ನು ಕೆಲವು ದಿನ ಮರೆಮಾಚಿ, ಪತ್ತೆಯಾಗುವುದನ್ನು ತಡಮಾಡುತ್ತದೆ.

ಸರ್ರಾ ಬಗ್ಗೆ ದನ ಸಾಕಿದವರು ತಿಳಿಯಬೇಕಾದ್ದು

ಸರ್ರಾ ಹರಡುವುದು ಮುಖ್ಯವಾಗಿ ದನ ಕಚ್ಚುವ ದೊಡ್ಡ ನೊಣಗಳಿಂದ. ಕಾಯಿಲೆಯ ಪ್ರಾಣಿಯ ರಕ್ತ ಹೀರುತ್ತಿದ್ದ ನೊಣ ಎದ್ದು ಇನ್ನೊಂದನ್ನು ಕಚ್ಚಿದಾಗ ಬಾಯಿಗಂಟಿದ ರಕ್ತದ ಜೊತೆ ರೋಗಾಣು ದಾಟುತ್ತದೆ. ಆಫ್ರಿಕಾದ ಇದರ ನೆಂಟರು ಟ್ಸೆಟ್ಸೆ ನೊಣದ ಹೊಟ್ಟೆಯಲ್ಲಿ ಬೆಳೆಯುತ್ತವೆ, ಅದಕ್ಕೆ ದೊಡ್ಡ ಡಿಎನ್‌ಎ ಬಳೆಗಳು ಬೇಕು. ಇವಾನ್ಸಿ ಆ ದೊಡ್ಡ ಬಳೆಗಳನ್ನು ಕಳೆದುಕೊಂಡಿದೆ. ಆದ್ದರಿಂದ ಅದು ನೊಣದೊಳಗೆ ಬೆಳೆಯಲಾರದು, ಬರೀ ಅದರ ಬಾಯಿಗೆ ಅಂಟಿ ಸವಾರಿ ಮಾಡುತ್ತದೆ. ಟ್ಸೆಟ್ಸೆ ನೊಣವೇ ಇಲ್ಲದ ನಮ್ಮ ನಾಡಿಗೆ ಈ ರೋಗ ಬಂದು ನೆಲೆನಿಂತದ್ದು ಹೀಗೆ.

ಬಿಟ್ಟು ಬಿಟ್ಟು ಬರುವ ಜ್ವರ, ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುವುದು, ಸೊರಗುವುದು, ಕಾಲು ಅಥವಾ ಹೊಟ್ಟೆಯ ಕೆಳಗೆ ಬಾವು, ಹಾಲು ಇಳಿಯುವುದು, ಗಬ್ಬ ಹೋಗುವುದು ಇದರ ಲಕ್ಷಣಗಳು. ಕೆಲವು ಪ್ರಾಣಿಗಳು ನಿಂತಲ್ಲೇ ಸುತ್ತು ಹಾಕುತ್ತವೆ. ಆಗ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿ ದಿನ ಕಳೆಯುವವರಿದ್ದಾರೆ. ಜ್ವರ ಏರಿದ ಹೊತ್ತಿನಲ್ಲೇ ರಕ್ತ ಪರೀಕ್ಷೆ ಮಾಡಿಸಿದರೆ ರೋಗಾಣು ಸೂಕ್ಷ್ಮದರ್ಶಕದಲ್ಲಿ ಕಾಣುವ ಸಾಧ್ಯತೆ ಹೆಚ್ಚು, ಜ್ವರ ಇಳಿದ ಮೇಲೆ ಕೈತಪ್ಪಬಹುದು. ಬೆಂಗಳೂರಿನ ಯಲಹಂಕದಲ್ಲಿರುವ ಕೇಂದ್ರ ಸರ್ಕಾರದ ನಿವೇದಿ ಸಂಸ್ಥೆ ಈ ರೋಗ ಪತ್ತೆಯ ಬಗ್ಗೆ ಕೆಲಸ ಮಾಡುತ್ತಿದೆ.

ಚಿಕಿತ್ಸೆ ಇದೆ, ಅದರಲ್ಲೂ ಬಳೆಯ ಕಥೆ ಇದೆ. ಇದೇ ಗುಂಪಿನ ಇನ್ನೊಂದು ರೋಗಾಣುವಿನ ಮೇಲೆ 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿಮಿನಜೀನ್, ಐಸೊಮೆಟಾಮಿಡಿಯಂ ಔಷಧಿಗಳು ಆ ಚಿಕ್ಕ ಡಿಎನ್‌ಎ ಬಳೆಗಳು ತುಂಡಾಗುವಂತೆ ಮಾಡುತ್ತವೆ ಎಂದು ಕಂಡುಬಂತು. ಕ್ವಿನಾಪೈರಮಿನ್ ಎಂಬ ಇನ್ನೊಂದು ಔಷಧಿಯೂ ಬಳಕೆಯಲ್ಲಿದೆ. ಇವೆಲ್ಲ ಚುಚ್ಚುಮದ್ದುಗಳು. ಪ್ರಾಣಿಯ ತೂಕ ನೋಡಿ ಲೆಕ್ಕ ಹಾಕಬೇಕು, ಹೆಚ್ಚಾದರೆ ಅಪಾಯ, ಕಡಿಮೆಯಾದರೆ ರೋಗಾಣು ಔಷಧಿಗೆ ಒಗ್ಗಿಹೋಗುತ್ತದೆ. ಅಂಗಡಿಯಿಂದ ತಂದು ನೀವೇ ಚುಚ್ಚಬೇಡಿ.

‘ಮನುಷ್ಯರಿಗೂ ಬರುತ್ತದಂತೆ’ ಎಂಬ ಭಯವೂ ಆಗಾಗ ಓಡಾಡುತ್ತದೆ. ಪಕ್ಕದ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2004ರಲ್ಲಿ ಒಬ್ಬ ರೈತರಲ್ಲಿ ಇದು ಪತ್ತೆಯಾಯಿತು, ಚಿಕಿತ್ಸೆಯೂ ಆಯಿತು. ಅವರ ರಕ್ತದಲ್ಲಿ ಅಪೊಲ್1 ಎಂಬ ರಕ್ಷಕ ಪ್ರೋಟೀನ್ ಇರಲಿಲ್ಲ ಎಂದು ಆಮೇಲೆ ತಿಳಿಯಿತು. ಆ ಪ್ರೋಟೀನ್ ಬಹುತೇಕ ಎಲ್ಲರಲ್ಲೂ ಇರುತ್ತದೆ, ಹಾಗಾಗಿ ಮನುಷ್ಯರಲ್ಲಿ ಇದು ತೀರಾ ಅಪರೂಪ. ಆದರೂ ಕಾಯಿಲೆ ದನದ ರಕ್ತ ಕೈಯ ಗಾಯಕ್ಕೆ ತಾಗದಂತೆ ನೋಡಿಕೊಳ್ಳಿ.

ಅಂದಹಾಗೆ, ಈ ಪ್ರಶ್ನೆ ಸಾಲೋಟಗಿಯಿಂದ ಬಂದದ್ದು ನಮಗೆ ವಿಶೇಷ ಖುಷಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಅಲ್ಲಿನ ಶಾಸನ, ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ಬಗ್ಗೆ ಹೇಳುತ್ತದೆ. ದೂರದ ನಾಡುಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಓದಲು ಬರುತ್ತಿದ್ದರು. ಕೇಳಿದ ಓದುಗರಿಗೆ ನಮ್ಮ ಉತ್ತರ: ಅಣು ಸರಪಳಿ ಖರೆ, ಗುಂಡಿನ ಜಾಕೆಟ್ ಇನ್ನೂ ಆಗಿಲ್ಲ, ಸ್ಕ್ರೀನ್ ಗಾರ್ಡ್ ಮೋಸ. ಗ್ರೂಪಿನಲ್ಲಿ ಯಾರದಾದರೂ ಎಮ್ಮೆಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದ್ದರೆ ಪಶು ಸಂಚಾರಿ ಚಿಕಿತ್ಸಾಲಯದ ಸಂಖ್ಯೆ 1962.